ಮೊದಲ ನೋಟದ ಓದು

ನಾಟಕದಲ್ಲಿ ಪಾತ್ರ ವಹಿಸಲು ಬಯಸಿ ಬಂದವರನ್ನು ಪರೀಕ್ಷಿಸುವ ರೀತಿಗಳು ಹಲವು. ಒಂದು ಹಾಡು ಹೇಳೆಂದು ಕೇಳುವುದುಂಟು. ಕಂಠಪಾಠವಾಗಿರುವ ಯಾವುದಾದರೊಂದು ಮಾತನ್ನು ಅಭಿನಯಿಸಿ ತೋರಿಸೆಂದು ಹೇಳುವುದುಂಟು. ಇವೆರಡಕ್ಕೂ ಮನೆಯಲ್ಲಿ ಸಿದ್ಧತೆ ಮಾಡಿಕೊಂಡು ಬರಬಹುದು. ಆದರೆ ಮೂರನೆಯ ಪರೀಕ್ಷೆಯೊಂದಿದೆ. ಅಭ್ಯರ್ಥಿಯು ಹಿಂದೆಂದೂ ಕಂಡಿರದ ನಾಟಕದ ಒಂದೆರಡು ಹಾಳೆಗಳನ್ನು ಅವನ ಕೈಗಿತ್ತು, ಐದು ನಿಮಿಷ ನೋಡಿಕೊಂಡು ಗಟ್ಟಿಯಾಗಿ ಓದಬೇಕೆಂದು ತಿಳಿಸುತ್ತಾರೆ. ಕೆಲವೊಮ್ಮೆ ಆ ಐದು ನಿಮಿಷವೂ ದೊರೆಯದು. ಎದುರಿಗೆ ಪರೀಕ್ಷಕರು ಕುಳಿತಿರುತ್ತಾರೆ. ಹಾಳೆಯಲ್ಲಿರುವುದು ಕನ್ನಡವೇ, ಅಕ್ಷರಗಳು ಪರಿಚಿತವಾದುವೇ. ಆದರೂ ಬಾಯಿ ಒಣಗುತ್ತದೆ. ಕಣ್ಣು ಒಂದು ಸಾಲನ್ನು ಬಿಟ್ಟು ಮತ್ತೊಂದಕ್ಕೆ ಜಾರುತ್ತದೆ. ಧ್ವನಿ ಹಾಜರಿ ಪುಸ್ತಕವನ್ನು ಓದುವ ಧ್ವನಿಯಾಗುತ್ತದೆ. ಈ ಪರೀಕ್ಷೆಗೆ ಒಳಗಾಗುವ ವಿದ್ಯೆಯನ್ನು ನಾವು ಮೊದಲ ನೋಟದ ಓದು ಎಂದು ಕರೆಯೋಣ.

ಇದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಇದರ ಪರಿಣಾಮ ಸಣ್ಣದಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ನೋಡಿದವರ ಕಣ್ಣಲ್ಲಿ ನೀರು ತರಿಸಿದ ಹುಡುಗಿ, ಊರಹಬ್ಬದ ಬಯಲಾಟದಲ್ಲಿ ರಾತ್ರಿಯೆಲ್ಲ ಕುಣಿದು ನುಡಿದ ಹುಡುಗ, ಈ ಒಂದು ಪರೀಕ್ಷೆಯಲ್ಲಿ ಮೂರು ನಿಮಿಷಗಳೊಳಗೆ ಸೋತು ಹಿಂದಿರುಗುವುದುಂಟು. ಅವರಿಗಿಂತ ಕಡಮೆ ಅಭಿನಯ ಬಲ್ಲವರು, ಮನೆಯಲ್ಲಿ ಪುಸ್ತಕಗಳ ನಡುವೆ ಬೆಳೆದವರಾದ ಮಾತ್ರಕ್ಕೆ, ಸರಾಗವಾಗಿ ಓದಿ ಆಯ್ಕೆಯಾಗುವುದೂ ಉಂಟು. ಇದು ನ್ಯಾಯವೇ ಎಂದು ಯಾರಾದರೂ ಕೇಳಿದರೆ, ಪೂರ್ತಿ ನ್ಯಾಯವಲ್ಲವೆಂದೇ ಹೇಳಬೇಕು. ಓದುವ ಚಳಕವೇ ನಟನೆಯಲ್ಲ. ಆದರೆ ಹತ್ತಾರು ಪಾತ್ರಗಳಿಗೆ ನೂರಾರು ಮಂದಿ ಬಂದು ನಿಂತಾಗ ಪರೀಕ್ಷಕರು ಬೇರೆ ಸುಲಭವಾದ ದಾರಿಯನ್ನು ಕಂಡಿಲ್ಲ. ಆದುದರಿಂದ ಬಾಗಿಲಿನಲ್ಲಿರುವ ಈ ಹೊಸ್ತಿಲನ್ನು ದಾಟಲು ಕಲಿಯುವುದೇ ಮೇಲು. ಕಲಿಯಬಹುದೆಂಬುದರಲ್ಲಿ ಸಂದೇಹವಿಲ್ಲ, ಅದಕ್ಕೆ ಹಣ ಬೇಕಾಗಿಲ್ಲ.

ಹಿಂದಿನ ನಟರೆಲ್ಲರೂ ಈ ಹೊಸ್ತಿಲನ್ನು ದಾಟಿ ಬಂದವರಲ್ಲ. ನಮ್ಮ ಯಕ್ಷಗಾನದಲ್ಲಿ ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಅದರ ಅರ್ಥವನ್ನು ವೇಷಧಾರಿಯು ಆ ಕ್ಷಣದಲ್ಲಿ ತನ್ನ ಮಾತಿನಲ್ಲೇ ಕಟ್ಟಿ ಹೇಳುತ್ತಾನೆ. ಅಲ್ಲಿ ಓದಬೇಕಾದ ಮಾತಿನ ಹಾಳೆಯೇ ಇಲ್ಲ. ವೃತ್ತಿ ನಾಟಕ ಕಂಪನಿಗಳಲ್ಲಿ ಎಳೆಯ ವಯಸ್ಸಿನಲ್ಲೇ ಸೇರಿದ ಹುಡುಗರು ಹಿರಿಯರ ಮಾತುಗಳನ್ನು ರಾತ್ರಿ ರಾತ್ರಿಯೂ ಕೇಳಿ ಕೇಳಿ, ತಮ್ಮ ಪಾತ್ರದ ಜೊತೆಗೆ ಇತರರ ಪಾತ್ರಗಳನ್ನೂ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ತಂದೆಯೊಡನೆ ಬೆಳೆದ ಮುತ್ತುರಾಜ ಪ್ರಾಥಮಿಕ ಶಾಲೆಯ ಓದನ್ನೂ ಪೂರ್ತಿ ಮಾಡಿದವರಲ್ಲ. ಅವರೇ 1954ರಲ್ಲಿ ‘ಬೇಡರ ಕಣ್ಣಪ್ಪ’ ಚಲನಚಿತ್ರದ ಮೂಲಕ ರಾಜಕುಮಾರ್ ಎಂಬ ಹೆಸರಿನಿಂದ ನಾಡಿಗೆ ಪರಿಚಿತರಾದರು. ಕನ್ನಡದ ಉಚ್ಚಾರಣೆ ಹೇಗಿರಬೇಕೆಂಬುದಕ್ಕೆ ಜನ ಇಂದಿಗೂ ಅವರ ಮಾತನ್ನೇ ಮಾದರಿಯಾಗಿ ತೋರಿಸುತ್ತಾರೆ. ಕಿವಿಯಿಂದ ಕಲಿತ ವಿದ್ಯೆ ಕಣ್ಣಿನಿಂದ ಕಲಿತ ವಿದ್ಯೆಗೆ ಕಡಮೆಯಲ್ಲ ಎಂಬುದನ್ನು ಮೊದಲು ಒಪ್ಪಿಕೊಂಡು ಮುಂದುವರಿಯಬೇಕು.

ಇಂಗ್ಲೆಂಡಿನಲ್ಲಿಯೂ ಷೇಕ್ಸ್‌ಪಿಯರನ ಕಾಲದಲ್ಲಿ ನಟನಿಗೆ ಇಡೀ ನಾಟಕದ ಪ್ರತಿಯನ್ನು ಕೊಡುವ ಪದ್ಧತಿ ಇರಲಿಲ್ಲ. ಕೈಯಿಂದ ಪ್ರತಿ ಮಾಡುವುದು ದುಬಾರಿಯ ಕೆಲಸ. ಅವನವನ ಮಾತುಗಳನ್ನು ಮಾತ್ರ ಬರೆದು, ಪ್ರತಿಯೊಂದು ಮಾತಿಗೂ ಮುಂಚೆ ಎದುರಾಳಿಯ ಮಾತಿನ ಕೊನೆಯ ಕೆಲವೇ ಪದಗಳನ್ನು ಗುರುತಿಗಾಗಿ ಸೇರಿಸಿ, ಕಾಗದವನ್ನು ಉದ್ದಕ್ಕೆ ಅಂಟಿಸಿ ಸುರುಳಿ ಸುತ್ತಿ ಕೊಡುತ್ತಿದ್ದರು. ಎಡ್ವರ್ಡ್ ಆಲೀನ್ ಎಂಬ ನಟನ ಅಂಥದೊಂದು ಸುರುಳಿ ಲಂಡನ್ನಿನ ಡಲ್ವಿಚ್ ಕಾಲೇಜಿನಲ್ಲಿ ಇಂದಿಗೂ ಉಳಿದಿದೆ. ಪಾತ್ರಕ್ಕೆ ಇಂಗ್ಲಿಷಿನಲ್ಲಿ ‘ರೋಲ್’ ಎಂಬ ಹೆಸರು ಬಂದದ್ದು ಈ ಸುರುಳಿಯಿಂದಲೇ. ಎದುರಾಳಿ ಏನು ಹೇಳುವನೆಂದು ಪೂರ್ತಿ ತಿಳಿಯದ ನಟನು ಕಿವಿಗೊಟ್ಟು ಕೇಳಲೇಬೇಕಾಗಿತ್ತು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇಂದಿನ ಪರಿಸ್ಥಿತಿ ಬೇರೆ. ದೆಹಲಿಯಲ್ಲಿ 1959ರಲ್ಲಿ ರಾಷ್ಟ್ರೀಯ ನಾಟಕ ಶಾಲೆ ಆರಂಭವಾಯಿತು. ಕೆ. ವಿ. ಸುಬ್ಬಣ್ಣನವರು 1980ರಲ್ಲಿ ಹೆಗ್ಗೋಡಿನಲ್ಲಿ ನೀನಾಸಮ್ ರಂಗಶಿಕ್ಷಣ ಕೇಂದ್ರವನ್ನು ತೆರೆದರು. 1989ರಲ್ಲಿ ಬಿ. ವಿ. ಕಾರಂತರ ನೇತೃತ್ವದಲ್ಲಿ ಮೈಸೂರಿನ ರಂಗಾಯಣ ಹುಟ್ಟಿತು. ಒಂದು ತಂಡ ಹೊಸ ನಾಟಕವನ್ನು ಕೈಗೆತ್ತಿಕೊಂಡಾಗ ಎಲ್ಲರೂ ಸುತ್ತಲೂ ಕುಳಿತು ಅದನ್ನು ಗಟ್ಟಿಯಾಗಿ ಓದುವುದರಿಂದಲೇ ಕೆಲಸ ಮೊದಲಾಗುತ್ತದೆ. ಇನ್ನು ರೇಡಿಯೋ ನಾಟಕದಲ್ಲಂತೂ ನಟನು ಕೊನೆಯವರೆಗೂ ಓದುತ್ತಲೇ ಇರುತ್ತಾನೆ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದಂದಿನಿಂದ ಕನ್ನಡಿಗರು ಕೇಳಿ ಮೆಚ್ಚಿದ ಬಾನುಲಿ ನಾಟಕಗಳೆಷ್ಟೋ! ಹಾಳೆಯ ಸದ್ದು ಮೈಕಿಗೆ ಕೇಳಿಸದಂತೆ ಒಂದೊಂದನ್ನೇ ಮೆಲ್ಲನೆ ಸರಿಸುತ್ತ, ಓದುತ್ತಿರುವರೆಂಬ ಸುಳಿವನ್ನೇ ಕೊಡದೆ ಅಳುವ, ನಗುವ, ಜಗಳವಾಡುವ ಆ ಕಲಾವಿದರದು ದೊಡ್ಡ ಸಾಧನೆ.

ಹಾಗೆಂದು ಕಂಡ ಕೂಡಲೆ ಓದಿ ನುಡಿಯುವ ವಿದ್ಯೆ ನಮಗೆ ಹೊರಗಿನಿಂದ ಬಂದುದೆಂದು ತಿಳಿಯಬಾರದು. ಹಳೆಯ ಓಲೆಗರಿಗಳನ್ನು ನೀವು ಯಾವುದಾದರೂ ವಸ್ತುಸಂಗ್ರಹಾಲಯದಲ್ಲಿ ನೋಡಿರಬಹುದು. ಅವುಗಳಲ್ಲಿ ಪದಕ್ಕೂ ಪದಕ್ಕೂ ನಡುವೆ ಬಿಡುವಿಲ್ಲ. ಇಂದು ನಾವು ಬಳಸುವ ಅಲ್ಪವಿರಾಮ, ಪ್ರಶ್ನಚಿಹ್ನೆಗಳು ಬಹುಮಟ್ಟಿಗೆ ಮುದ್ರಣದೊಡನೆ ಬಂದವು. ಅಕ್ಷರಗಳ ಆ ಅಖಂಡವಾದ ಸಾಲನ್ನು ಕಣ್ಣಿನಿಂದಲೇ ಬಿಡಿಸಿ, ಎಲ್ಲಿ ನಿಲ್ಲಬೇಕು, ಯಾವ ಪದಕ್ಕೆ ಒತ್ತು ಕೊಡಬೇಕು ಎಂಬುದನ್ನು ಆಗಿಂದಾಗ್ಗೆ ನಿರ್ಧರಿಸಿಕೊಂಡು ಓದಬೇಕಾಗಿತ್ತು. ಗಮಕಿಗಳು ಕುಮಾರವ್ಯಾಸನ ಭಾರತವನ್ನು ಅರ್ಥ ಕೆಡದಂತೆ ಪದ ಬಿಡಿಸಿ ವಾಚಿಸುವಾಗ ಇಂದಿಗೂ ಆ ವಿದ್ಯೆಯ ಚೆಲುವನ್ನು ಕಾಣಬಹುದು. ನಾಟಕದ ಹಾಳೆಯನ್ನು ಹಿಡಿದು ನಿಂತ ಅಭ್ಯರ್ಥಿ ಗಮಕಿಯ ದಾಯಾದಿಯೇ ಸರಿ.

ಈ ವಿದ್ಯೆಯ ಗುಟ್ಟು ಎಲ್ಲಿದೆ? ಗಟ್ಟಿಯಾಗಿ ಓದುವವನ ಕಣ್ಣು ಮತ್ತು ಬಾಯಿ ಒಂದೇ ಪದದ ಮೇಲೆ ಇರುವುದಿಲ್ಲ. ಬಾಯಿ ಒಂದು ಪದವನ್ನು ನುಡಿಯುತ್ತಿರುವಾಗ ಕಣ್ಣು ಅದಕ್ಕಿಂತ ಮುಂದೆ ಹೋಗಿರುತ್ತದೆ. ಅಮೆರಿಕದ ಗೈ ಬಸ್ವೆಲ್ ಎಂಬ ವಿದ್ವಾಂಸರು ಕಣ್ಣು ಮತ್ತು ಧ್ವನಿಗಳ ನಡುವಿನ ಈ ಅಂತರವನ್ನು ಕುರಿತು 1920ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಚೆನ್ನಾಗಿ ಓದುವವರಲ್ಲಿ ಈ ಅಂತರ ಹೆಚ್ಚು, ತಡವರಿಸುವವರಲ್ಲಿ ಕಡಮೆ ಎಂಬುದು ಅವರು ಕಂಡ ಮುಖ್ಯ ಸಂಗತಿ. ಇದನ್ನು ನೀವೇ ಪರೀಕ್ಷಿಸಬಹುದು. ಗೆಳೆಯನೊಬ್ಬ ಗಟ್ಟಿಯಾಗಿ ಓದುತ್ತಿರುವಾಗ ಇದ್ದಕ್ಕಿದ್ದಂತೆ ಪುಟದ ಮೇಲೆ ಒಂದು ರಟ್ಟನ್ನು ಅಡ್ಡ ಹಿಡಿಯಿರಿ. ಪುಟ ಮುಚ್ಚಿದ ಮೇಲೂ ಅವನು ಎರಡು ಮೂರು ಪದಗಳನ್ನು ಸರಿಯಾಗಿ ಹೇಳಿದರೆ, ಅವನ ಕಣ್ಣು ಅಷ್ಟು ಮುಂದಿತ್ತೆಂದು ಅರ್ಥ. ಒಂದು ಪದವನ್ನೂ ಹೇಳಲಾರದೆ ನಿಂತರೆ, ಅವನು ಕತ್ತಲೆಯಲ್ಲಿ ಗೋಡೆ ತಡವುತ್ತ ನಡೆಯುವವನಂತೆ ಓದುತ್ತಿದ್ದನೆಂದು ತಿಳಿಯಬೇಕು.

ಕಣ್ಣು ಮುಂದಿರಬೇಕೆಂಬುದು ಎಲ್ಲ ಭಾಷೆಗಳಿಗೂ ಸಲ್ಲುವ ಮಾತಾದರೂ ಕನ್ನಡಕ್ಕೆ ವಿಶೇಷವಾಗಿ ಸಲ್ಲುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಸಾಮಾನ್ಯವಾಗಿ ಕೊನೆಯಲ್ಲಿ. ಹೌದೋ ಅಲ್ಲವೋ, ನಿಜವೋ ಸುಳ್ಳೋ, ಆಜ್ಞೆಯೋ ಪ್ರಾರ್ಥನೆಯೋ ಎಂಬುದೆಲ್ಲ ವಾಕ್ಯದ ಬಾಲದಲ್ಲಿ ಅಡಗಿರುತ್ತದೆ. ಈ ಮಾತನ್ನು ನೋಡಿ: “ಕಳೆದುಹೋದ ನಿನ್ನ ಮಗನನ್ನು ನಾನು ನಿನ್ನೆ ಸಂತೆಯಲ್ಲಿ ಕಣ್ಣಾರೆ ಕಂಡೆನೆಂದು ಊರವರೆಲ್ಲ ಹೇಳುತ್ತಿರುವುದು ಶುದ್ಧ ಸುಳ್ಳು.” ಕೊನೆಯ ಎರಡು ಪದಗಳನ್ನು ನೋಡದೆ ಓದತೊಡಗಿದವನು ಸಂತೋಷದ ಸುದ್ದಿಯನ್ನು ತಂದವನ ಧ್ವನಿಯಲ್ಲಿ ಹೊರಡುತ್ತಾನೆ, ಬಾಲವನ್ನು ಮುಟ್ಟಿದಾಗ ಬೆಚ್ಚಿ ಬೀಳುತ್ತಾನೆ. ಕೇಳುವವರಿಗೆ ನಗು ಬರುತ್ತದೆ. ಮೊದಲೇ ಬಾಲವನ್ನು ಕಂಡವನಾದರೋ ಮೊದಲ ಪದದಿಂದಲೇ ನೊಂದು ಮಾತನಾಡುತ್ತಾನೆ. ಒಂದೇ ಪದದೊಳಗೂ ಈ ಬಗೆಯ ತಿರುವು ಅಡಗಿರಬಹುದು. ‘ಹೋಗಬೇಕೆಂದಿದ್ದೆನಾದರೂ’ ಎಂಬಲ್ಲಿ, ಹೋಗಬೇಕೆಂಬ ಆಸೆಯನ್ನೂ ಹೋಗಲಿಲ್ಲವೆಂಬ ನಿರಾಶೆಯನ್ನೂ ಸಂಧಿಯು ಒಂದೇ ಉಸಿರಿನಲ್ಲಿ ಹೆಣೆದಿದೆ. ಆದುದರಿಂದ ಕನ್ನಡದ ಹಾಳೆಯನ್ನು ಹಿಡಿದವನು ಬಾಯಿ ತೆರೆಯುವ ಮುನ್ನ ಕಣ್ಣನ್ನು ಪೂರ್ಣವಿರಾಮದವರೆಗೆ ಒಮ್ಮೆ ಓಡಿಸಿ ಬರಬೇಕು. ಅದಕ್ಕೆ ಬೇಕಾಗುವುದು ಒಂದು ಉಸಿರಿನಷ್ಟು ಕಾಲ. ಆ ಮೌನ ನಿಮಗೆ ಬಹಳ ದೀರ್ಘವೆನಿಸೀತು. ಎದುರು ಕುಳಿತವರಿಗೆ ಅದು ಯೋಚಿಸಿ ಮಾತನಾಡುವವನ ಮೌನದಂತೆ ಕಾಣುತ್ತದೆ.

ಒಂದು ಅಕ್ಷರದಲ್ಲೇ ಪಾತ್ರದ ಮನಸ್ಸು ಅಡಗಿರುವುದೂ ಉಂಟು. “ನೀನು ಬಂದೆಯಾ?”, “ನೀನೂ ಬಂದೆಯಾ?”, “ನೀನೇ ಬಂದೆಯಾ?” ಎಂಬ ಮೂರು ಪ್ರಶ್ನೆಗಳನ್ನು ಕೇಳುವವರು ಮೂರು ಬೇರೆ ಬೇರೆ ಮನಃಸ್ಥಿತಿಯವರು. ಆ ದೀರ್ಘವನ್ನು ನುಂಗಿ ಓದಿದರೆ ನಾಟಕಕಾರನ ಶ್ರಮ ಮಣ್ಣುಪಾಲಾಯಿತು. ಹಕ್ಕಿ ಅಕ್ಕಿಯಾಗುವುದು, ಬಳೆ ಬಲೆಯಾಗುವುದು ಮುಂತಾದ ತಪ್ಪುಗಳನ್ನು ನಿಮ್ಮ ಉಪಾಧ್ಯಾಯರು ಆಗಲೇ ಸಾಕಷ್ಟು ತಿದ್ದಿರುವರಾದ್ದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಆದರೆ ಒಂದು ಎಚ್ಚರಿಕೆ: ಶಿಷ್ಟವಾದ ಗ್ರಾಂಥಿಕ ಕನ್ನಡವನ್ನು ಮಾತ್ರ ಓದಿ ಅಭ್ಯಾಸವಿರುವವನು ನಾಟಕದ ಹಾಳೆಯ ಮುಂದೆ ದಿಕ್ಕೆಡುತ್ತಾನೆ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯ ಜನ ಆಡುವುದು ಉತ್ತರ ಕರ್ನಾಟಕದ ಆಡುಮಾತು, ಕೈಲಾಸಂ ಅವರ ಪಾತ್ರಗಳು ಕನ್ನಡ ಇಂಗ್ಲಿಷುಗಳನ್ನು ಕಲಸಿ ಮಾತನಾಡುತ್ತವೆ, ಬಿ. ಎಂ. ಶ್ರೀಯವರ ‘ಅಶ್ವತ್ಥಾಮನ್’ ನಾಟಕದ್ದು ಹಳಗನ್ನಡ. ಮೂರನ್ನೂ ತಿಂಗಳಿಗೊಮ್ಮೆಯಾದರೂ ಗಟ್ಟಿಯಾಗಿ ಓದಿದವನ ನಾಲಗೆ ಯಾವ ಹಾಳೆಗೂ ಹೆದರುವುದಿಲ್ಲ.

ಈಗ ಆ ಐದು ನಿಮಿಷಗಳ ವಿಚಾರ. ಹೆಚ್ಚಿನವರು ಮಾಡುವುದೇನೆಂದರೆ, ತಮ್ಮ ಪಾತ್ರದ ಮಾತುಗಳನ್ನು ಮಾತ್ರ ಹುಡುಕಿ ಹುಡುಕಿ ಬಾಯಿಪಾಠ ಮಾಡಲು ಹವಣಿಸುವುದು. ಅದು ವ್ಯರ್ಥ ಪ್ರಯತ್ನ. ಇದು ನೆನಪಿನ ಪರೀಕ್ಷೆಯಲ್ಲ. ಹಾಳೆ ಕೈಯಲ್ಲೇ ಇರುತ್ತದೆ. ಉದಾಹರಣೆಗೆಂದು ಈ ಪಾಠಕ್ಕಾಗಿ ರಚಿಸಿದ ಒಂದು ಸಣ್ಣ ದೃಶ್ಯವನ್ನು ಓದಿ:

ಅಕ್ಕ : ಊಟ ಆಯಿತೇನೋ?
ತಮ್ಮ : ಆಯಿತು.
ಅಕ್ಕ : ಎಲ್ಲಿ?
ತಮ್ಮ : ದೇವಸ್ಥಾನದಲ್ಲಿ. ಪ್ರಸಾದ ಕೊಟ್ಟರು.
ಅಕ್ಕ : (ಸ್ವಲ್ಪ ತಡೆದು) ಪೂಜಾರಿಗಳು ಊರಿನಲ್ಲೇ ಇಲ್ಲವಲ್ಲೋ. ಬೆಳಗಿನಿಂದ ಬಾಗಿಲು ಹಾಕಿದೆ.
ತಮ್ಮ : ನನಗೆ ಹಸಿವಿಲ್ಲ ಅಕ್ಕಾ. ಇರುವುದನ್ನು ನೀನೇ ಉಣ್ಣು.

ತಮ್ಮನ ಮೊದಲ ಮಾತು ‘ಆಯಿತು’ ಎಂಬ ಒಂದೇ ಪದ. ಇದನ್ನು ಓದಲು ಬಾರದವರಿಲ್ಲ. ಆದರೆ ಕೊನೆಯ ಸಾಲನ್ನು ನೋಡದೆ ಇದನ್ನು ನುಡಿಯಲು ಯಾರಿಗೂ ಬಾರದು. ಹುಡುಗ ಉಂಡಿಲ್ಲ, ಸುಳ್ಳು ಹೇಳುತ್ತಿದ್ದಾನೆ. ಮಡಕೆಯಲ್ಲಿರುವುದು ಒಬ್ಬರಿಗೆ ಸಾಕಾಗುವಷ್ಟೇ ಅನ್ನವೆಂದು ಅವನು ಬಲ್ಲ. ಆ ಸುಳ್ಳನ್ನು ಅವನು ಅಕ್ಕನ ಮುಖ ನೋಡಿ ಹೇಳುವನೋ, ನೋಡದೆ ಹೇಳುವನೋ? ಪ್ರಸಾದದ ಮಾತನ್ನು ಸೇರಿಸಿದ್ದೇಕೆ? ಕೇಳದೆ ಇದ್ದ ವಿವರವನ್ನು ತಾನಾಗಿ ಹೇಳುವುದು ಸುಳ್ಳು ಹೇಳುವವರ ಸ್ವಭಾವವಲ್ಲವೆ? ಇನ್ನು ಅಕ್ಕನ ಪಾತ್ರವನ್ನು ಓದುವವರಿಗೆ ಆವರಣದಲ್ಲಿರುವ ‘ಸ್ವಲ್ಪ ತಡೆದು’ ಎಂಬುದೇ ಇಡೀ ದೃಶ್ಯದ ಜೀವ. ಅದು ರಂಗಸೂಚನೆ, ಗಟ್ಟಿಯಾಗಿ ಓದಬಾರದು, ಆದರೆ ಪಾಲಿಸಬೇಕು. ಗಾಬರಿಯಲ್ಲಿ ಅದನ್ನೂ ಮಾತೆಂದೇ ತಿಳಿದು ಓದಿಬಿಡುವವರು ಪ್ರತಿ ಸಲವೂ ಒಬ್ಬಿಬ್ಬರಾದರೂ ಇರುತ್ತಾರೆ. ಹೀಗೆ ಐದು ನಿಮಿಷಗಳಲ್ಲಿ ಮೂರನ್ನು ದೃಶ್ಯವನ್ನು ಮೊದಲಿನಿಂದ ಕೊನೆಯವರೆಗೆ, ಎಲ್ಲರ ಮಾತುಗಳನ್ನೂ ಸೇರಿಸಿ, ಓದಲು ಬಳಸಬೇಕು. ನಾನು ಯಾರು, ಯಾರೊಡನೆ ಮಾತನಾಡುತ್ತಿರುವೆ, ಅವರಿಂದ ನನಗೆ ಏನು ಬೇಕು ಎಂಬುದು ತಿಳಿದರೆ ಧ್ವನಿ ತಾನಾಗಿ ದಾರಿ ಹಿಡಿಯುತ್ತದೆ. ಉಳಿದ ಕಾಲದಲ್ಲಿ, ಎಡವಬಹುದಾದ ಹೆಸರುಗಳನ್ನೂ ಉದ್ದನೆಯ ಸಮಾಸಗಳನ್ನೂ ತುಟಿಯಾಡಿಸಿ ಎರಡು ಬಾರಿ ಹೇಳಿಕೊಳ್ಳಬೇಕು. ಅರ್ಥ ತಿಳಿಯದ ಪದವಿದ್ದರೆ ಕೇಳುವುದರಲ್ಲಿ ಅವಮಾನವಿಲ್ಲ.

ಓದುವಾಗ ಹಾಳೆಯನ್ನು ಎದೆಯ ಮಟ್ಟದಲ್ಲಿ, ಮುಖ ಮರೆಯಾಗದಂತೆ ಹಿಡಿಯಬೇಕು. ಎಡಗೈಯ ಹೆಬ್ಬೆರಳು ಅಂಚಿನಲ್ಲಿ ಸಾಲಿನಿಂದ ಸಾಲಿಗೆ ಇಳಿಯುತ್ತಿರಲಿ. ಆಗ ಕಣ್ಣು ಮೇಲೆದ್ದು ಹಿಂದಿರುಗಿದಾಗ ಸ್ಥಳ ತಪ್ಪುವುದಿಲ್ಲ. ಒಂದು ಮಾತಿನ ಕೊನೆಯ ಕೆಲವು ಪದಗಳನ್ನು ಕಣ್ಣಿನಿಂದ ಎತ್ತಿಕೊಂಡು, ತಲೆಯೆತ್ತಿ, ಎದುರಿನವರ ಮುಖ ನೋಡಿ ಹೇಳಬೇಕು. ಅನಂತರ ಬರುವುದು ಎಲ್ಲಕ್ಕಿಂತ ಕಷ್ಟದ ಭಾಗ. ಎದುರಿನವರು ಓದುತ್ತಿರುವಾಗ ನಮ್ಮ ಮುಂದಿನ ಸಾಲನ್ನು ಹುಡುಕುವ ಆಸೆಯನ್ನು ಅದುಮಿ, ಅವರ ಮಾತನ್ನು ಕೇಳಬೇಕು. ಆಲೀನನ ಸುರುಳಿಯ ಮಾತು ಇಲ್ಲಿ ನೆನಪಾಗಲಿ. ಅನುಭವವುಳ್ಳ ನಿರ್ದೇಶಕರು ಮಾತನಾಡುವವನನ್ನು ನೋಡುವಷ್ಟೇ ಕೇಳಿಸಿಕೊಳ್ಳುವವನ ಮುಖವನ್ನೂ ನೋಡುತ್ತಾರೆ. ನಡುವೆ ಒಂದು ಪದ ತಪ್ಪಿದರೆ ತಪ್ಪಲಿ. “ಕ್ಷಮಿಸಿ” ಎಂದು ನಿಂತು ಮತ್ತೆ ಮೊದಲಿನಿಂದ ಆರಂಭಿಸಿದರೆ ಕಟ್ಟಿದ್ದ ದೃಶ್ಯ ಕುಸಿದುಬೀಳುತ್ತದೆ. ಪದವನ್ನು ಸರಿಪಡಿಸಿಕೊಂಡು ಪಾತ್ರದಲ್ಲೇ ಮುಂದುವರಿಯುವುದು ಲೇಸು. ವೇಗದ ಬಗ್ಗೆ ಒಂದೇ ಮಾತು: ಭಯವಿರುವವನು ಯಾವಾಗಲೂ ಬೇಕಾದುದಕ್ಕಿಂತ ಬೇಗನೆ ಓದುತ್ತಾನೆ.

ಅಭ್ಯಾಸಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು. ಆದರೆ ಒಂದು ದಿನವೂ ತಪ್ಪಬಾರದು. ಬೆಳಗಿನ ದಿನಪತ್ರಿಕೆ, ಅಂಗಡಿಯಿಂದ ಪೊಟ್ಟಣ ಕಟ್ಟಿಕೊಂಡು ಬಂದ ಕಾಗದ, ಶಾಲೆಯ ಪುಸ್ತಕ ಭಂಡಾರದಲ್ಲಿ ಧೂಳು ಹಿಡಿದಿರುವ ಏಕಾಂಕಗಳು, ಯಾವುದಾದರೂ ಆದೀತು. ಹಿಂದೆ ಓದಿರಬಾರದೆಂಬುದೊಂದೇ ನಿಯಮ. ಇಬ್ಬರು ಸೇರಿದರೆ ಇನ್ನೂ ಒಳ್ಳೆಯದು: ಒಬ್ಬರು ಆರಿಸಿದ ಪುಟವನ್ನು ಇನ್ನೊಬ್ಬರು ಓದುವುದು, ಕೇಳಿದವರು ಪುಸ್ತಕ ನೋಡದೆ ಕಥೆಯನ್ನು ಹೇಳುವುದು. ಕೇಳಿದವರಿಗೆ ಕಥೆ ತಿಳಿಯದಿದ್ದರೆ ಓದಿದವರಿಗೂ ತಿಳಿದಿರಲಿಲ್ಲವೆಂದೇ ಲೆಕ್ಕ. ಅಜ್ಜಿಗೋ ಓದಲು ಬಾರದ ನೆರೆಮನೆಯವರಿಗೋ ಪತ್ರಿಕೆಯನ್ನು ಓದಿ ಹೇಳುವ ಮಕ್ಕಳಿಗೆ ಈ ವಿದ್ಯೆ ಅರಿವಿಲ್ಲದೆಯೇ ಬಂದಿರುತ್ತದೆ. ಅಂಥ ಕೇಳುಗರು “ಏನಂದೆ?” ಎಂದು ಕೇಳುವ ಒಂದೊಂದು ಸಲವೂ ಒಂದೊಂದು ಪಾಠ.

ಕೆಲವರಿಗೆ ಎಷ್ಟು ಅಭ್ಯಾಸ ಮಾಡಿದರೂ ಅಕ್ಷರಗಳು ಸುಲಭವಾಗಿ ಹಿಡಿತಕ್ಕೆ ಸಿಗುವುದಿಲ್ಲ. ಡಿಸ್‌ಲೆಕ್ಸಿಯ ಎಂಬ ಈ ತೊಡಕು ಹುಟ್ಟಿನಿಂದ ಬಂದುದು. ಅದಕ್ಕೂ ಬುದ್ಧಿಶಕ್ತಿಗೂ ಸಂಬಂಧವಿಲ್ಲ, ಅಭಿನಯ ಶಕ್ತಿಗಂತೂ ಇಲ್ಲವೇ ಇಲ್ಲ. ಅಂಥವರು ಹಾಳೆಗಳನ್ನು ಮೊದಲೇ ಕೊಡಬೇಕೆಂದು ಕೇಳಿಕೊಳ್ಳಬಹುದು. ಕೇಳಿದಾಗ ಕೊಡುವುದು ಪರೀಕ್ಷಕರ ಕರ್ತವ್ಯ. ಮುಂದೊಂದು ದಿನ ನಿಮ್ಮಲ್ಲೇ ಯಾರಾದರೂ ಮೇಜಿನ ಆಚೆ ಬದಿಗೆ ಪರೀಕ್ಷಕರಾಗಿ ಕುಳಿತಾಗ ಇದನ್ನು ಮರೆಯಬಾರದು.

ಓದು ಮುಗಿದ ಮೇಲೆ ಪರೀಕ್ಷಕರು ಕೆಲವೊಮ್ಮೆ ಇನ್ನೊಮ್ಮೆ ಓದಿಸುತ್ತಾರೆ. ಮೊದಲನೆಯದು ಕೆಟ್ಟಿತೆಂದು ಭಾವಿಸಿ ಅಭ್ಯರ್ಥಿಗಳು ಕುಗ್ಗಿಹೋಗುವುದು ಈ ಕ್ಷಣದಲ್ಲೇ. ವಾಸ್ತವವಾಗಿ, ಆಸಕ್ತಿ ಹುಟ್ಟದವರಿಗೆ ಎರಡನೆಯ ಓದನ್ನು ಕೇಳುವ ವ್ಯವಧಾನ ಪರೀಕ್ಷಕರಿಗೆ ಇರುವುದಿಲ್ಲ. ಹೇಳಿದ ಬದಲಾವಣೆಯನ್ನು ಈ ನಟ ಹಿಡಿಯಬಲ್ಲನೇ ಎಂಬುದು ಅವರ ಕುತೂಹಲ. “ಅದೇ ದೃಶ್ಯ, ಆದರೆ ಈ ಸಲ ತಮ್ಮನಿಗೆ ಅಕ್ಕನ ಮೇಲೆ ಸಿಟ್ಟಿದೆ” ಎನ್ನುತ್ತಾರೆ. ಆಗ ‘ಆಯಿತು’ ಎಂಬುದು ಬಾಗಿಲು ಹಾಕಿಕೊಂಡಂತೆ ಕೇಳಿಸಬೇಕು. ಪ್ರಸಾದದ ಮಾತು ಚುಚ್ಚಬೇಕು. ‘ನೀನೇ ಉಣ್ಣು’ ಎಂಬಲ್ಲಿನ ದೀರ್ಘ ಮೊದಲು ಮಮತೆಯದಾಗಿದ್ದುದು ಈಗ ಮೂದಲಿಕೆಯದಾಗುತ್ತದೆ. ಅಕ್ಕನ ಪಾತ್ರ ಓದುವವರು ತಡೆಯುವ ಆ ಸ್ವಲ್ಪ ಹೊತ್ತು ಇನ್ನಷ್ಟು ಭಾರವಾಗುತ್ತದೆ. ಹಾಳೆಯ ಮೇಲೆ ಒಂದಕ್ಷರವೂ ಬದಲಾಗಿರುವುದಿಲ್ಲ. ಓದಿ ಮುಗಿಸಿ, ಅದನ್ನು ಮಡಿಸದೆ ಮೇಜಿನ ಮೇಲೆ ಇಟ್ಟು ಬರಬೇಕು. ಹೊರಗೆ ಮುಂದಿನ ಅಭ್ಯರ್ಥಿ ಅದೇ ಹಾಳೆಗಾಗಿ ಕಾಯುತ್ತಿರುತ್ತಾನೆ.